ಮೂರು ಮಾತ್ರೆಗೂ ಬಗ್ಗದ ಬಿಪಿ: ಊಟ, ನಡಿಗೆ, ನಿದ್ದೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ಮಾತ್ರೆ ನುಂಗಿದರೂ ಬಿಪಿ 150ರಿಂದ ಕೆಳಗೆ ಬರುತ್ತಿಲ್ಲ. ಡಾಕ್ಟರು ಹೇಳುವ ‘ರೆಸಿಸ್ಟೆಂಟ್’ ಬಿಪಿ ಅಂದರೆ ಇದೇನಾ?

ಇರಬಹುದು, ಇಲ್ಲದೆಯೂ ಇರಬಹುದು. ಮೂರು ಬೇರೆ ಬೇರೆ ಗುಂಪಿನ ಮಾತ್ರೆ ಇರಬೇಕು, ಅದರಲ್ಲೊಂದು ಮೂತ್ರ ಹೆಚ್ಚಿಸುವ ಮಾತ್ರೆಯಾಗಿರಬೇಕು, ಮೂರೂ ಪೂರ್ತಿ ಡೋಸ್‌ನಲ್ಲಿ ಅಥವಾ ನಿಮ್ಮ ಮೈ ತಡೆಯುವಷ್ಟು ಡೋಸ್‌ನಲ್ಲಿ ಇರಬೇಕು. ಅಷ್ಟಾದ ಮೇಲೂ ಬಿಪಿ ಗುರಿ ಮುಟ್ಟದಿದ್ದರೆ ಆ ಹೆಸರು, ಇಲ್ಲಿ ಅದನ್ನೇ ಹಟಮಾರಿ ಬಿಪಿ ಅಂದಿದ್ದೇವೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮಾತ್ರೆಯಿಂದ ಹತೋಟಿಗೆ ಬಂದಿದ್ದರೂ ಅದೇ ಗುಂಪು. ಟೆಲ್ಮಿಸಾರ್ಟನ್ 80, ಅಮ್ಲೋಡಿಪಿನ್ 10, ಜೊತೆಗೆ ಮೂತ್ರ ಹೆಚ್ಚಿಸುವ ಕ್ಲೋರ್‌ಥಾಲಿಡೋನ್ ತೆಗೆದುಕೊಳ್ಳುತ್ತಿದ್ದು ಬಿಪಿ 150 ಇದ್ದರೆ ಅದು ಹಟಮಾರಿ ಬಿಪಿ. ಟೆಲ್ಮಿಸಾರ್ಟನ್ 40 ಮತ್ತು ಅಮ್ಲೋಡಿಪಿನ್ 5ರಲ್ಲೇ ನಿಂತಿದ್ದರೆ ಅದು ಇನ್ನೂ ಚಿಕಿತ್ಸೆ ಸಾಲದ ಬಿಪಿ ಅಷ್ಟೆ.

ಹಟಮಾರಿಯಂತೆ ಕಾಣುವ ಬಿಪಿಯಲ್ಲಿ ದೊಡ್ಡ ಪಾಲು ನಿಜಕ್ಕೂ ಹಟಮಾರಿಯಲ್ಲ. ವಾರಕ್ಕೆ ಎರಡು ಮೂರು ದಿನ ಮಾತ್ರೆ ತಪ್ಪಿರುತ್ತದೆ, ಬಿಪಿ ಮೆಷಿನ್ನಿನ ಪಟ್ಟಿ ತೋಳಿಗೆ ಚಿಕ್ಕದಾಗಿರುತ್ತದೆ, ಆಸ್ಪತ್ರೆ ಮೆಟ್ಟಿಲು ಹತ್ತಿದ ಕೂಡಲೇ ಬಿಪಿ ಏರುತ್ತಿರುತ್ತದೆ. ಆದ್ದರಿಂದ ಊಟ-ವ್ಯಾಯಾಮದ ಮಾತಿಗಿಂತ ಮುಂಚೆ ಅಳತೆ ಸರಿಯಾಗಬೇಕು.

ಕ್ಲಿನಿಕ್‌ನಲ್ಲಿ 160, ಮನೆಯಲ್ಲಿ 138. ಯಾವುದನ್ನು ನಂಬುವುದು?

ಸರಿಯಾಗಿ ಅಳೆದಿದ್ದರೆ ಮನೆಯದನ್ನು. ಈ ‘ಸರಿಯಾಗಿ’ ಅನ್ನುವುದರಲ್ಲೇ ಎಡವಟ್ಟು ಆಗುವುದು.

ಮೊದಲು ದರ್ಜಿ ಬಳಸುವ ಟೇಪಿನಿಂದ ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ನೋಡಿ. ಮೆಷಿನ್ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಹೊಲಿದದ್ದು. ತೋಳು 34 ಇದ್ದರೆ ದೊಡ್ಡ ಪಟ್ಟಿಯನ್ನು ಬೇರೆ ಕೊಳ್ಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ 5ರಿಂದ 20 ಅಂಕದವರೆಗೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಆ 20 ಅಂಕಕ್ಕೆ ಜನ ಇನ್ನೊಂದು ಮಾತ್ರೆ ಸೇರಿಸಿಕೊಂಡು ಓಡಾಡುತ್ತಾರೆ. ಮಣಿಕಟ್ಟಿಗೆ ಕಟ್ಟುವ ಮೆಷಿನ್ ಬೇಡ.

ಅಳೆಯುವ ಅರ್ಧ ಗಂಟೆ ಮುಂಚೆಯಿಂದ ಕಾಫಿ, ಬೀಡಿ-ಸಿಗರೇಟು, ನಡಿಗೆ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂರಿ. ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಲಿ, ತೊಡೆಯ ಮೇಲಿಟ್ಟರೂ ಇಳಿಬಿಟ್ಟರೂ ರೀಡಿಂಗ್ ಏರುತ್ತದೆ. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತಬೇಡಿ, ಅಳೆಯುವಾಗ ಮಾತಾಡಬೇಡಿ.

ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ರಾತ್ರಿ ಎರಡು ಸಲ, ಎರಡರ ನಡುವೆ ಒಂದು ನಿಮಿಷ. ಹೀಗೆ 7 ದಿನ ಬರೆದಿಡಿ. ಮೊದಲ ದಿನದ್ದನ್ನು ಹೊಡೆದುಹಾಕಿ, ಉಳಿದ 24 ರೀಡಿಂಗ್‌ಗಳ ಸರಾಸರಿ ತೆಗೆಯಿರಿ. ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಪಿ ನಿಜಕ್ಕೂ ಹೆಚ್ಚು. ಚೆನ್ನಾಗಿ ಬಂದ ರೀಡಿಂಗನ್ನು ಮಾತ್ರ ಬರೆದು ಉಳಿದದ್ದನ್ನು ಬಿಡುವವರು ತುಂಬ ಜನ. ಅಂಥ ಪುಸ್ತಕ ಡಾಕ್ಟರಿಗೆ ಉಪಯೋಗಕ್ಕೆ ಬರುವುದಿಲ್ಲ. ಅನುಮಾನ ಉಳಿದರೆ 24 ಗಂಟೆ ಮೈಮೇಲೆ ಇರುವ ಬಿಪಿ ಮೆಷಿನ್ ಹಾಕಿಸಿ ನೋಡುತ್ತಾರೆ. ನಿದ್ದೆಯಲ್ಲಿ ಬಿಪಿ ಇಳಿಯುತ್ತದೋ ಇಲ್ಲವೋ ಅನ್ನುವುದೂ ಅದರಲ್ಲಿ ಗೊತ್ತಾಗುತ್ತದೆ.

ಮೂರು ಮಾತ್ರೆಗೇ ಬಗ್ಗದ್ದು ಊಟ-ನಡಿಗೆಗೆ ಬಗ್ಗುತ್ತದಾ?

ಬಗ್ಗುತ್ತದೆ, ಆದರೆ ಹೇಳಿಸಿಕೊಂಡರೆ ಸಾಲದು, ಮಾಡಬೇಕು. ಇದನ್ನೇ ಪರೀಕ್ಷಿಸಿದ ಒಂದು ಅಧ್ಯಯನ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾಯಿತು. ಹೆಸರು ಟ್ರಯಂಫ್. ಹಟಮಾರಿ ಬಿಪಿಯ 140 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಊಟ, ತೂಕ, ವ್ಯಾಯಾಮದ ಬಗ್ಗೆ ಒಂದು ಸಲ ಕೂರಿಸಿ ವಿವರವಾಗಿ ಹೇಳಿ, ಬರೆದುಕೊಟ್ಟು ಕಳಿಸಿದರು. ಇನ್ನೊಂದು ಗುಂಪಿಗೆ 4 ತಿಂಗಳು ಪ್ರತಿ ವಾರ ಆಹಾರತಜ್ಞರ ಭೇಟಿ, ವಾರಕ್ಕೆ ಮೂರು ದಿನ ಹೃದಯ ಪುನಶ್ಚೇತನ ಕೇಂದ್ರದಲ್ಲಿ ನಿಗಾ ಇಟ್ಟು ವ್ಯಾಯಾಮ. ಕ್ಲಿನಿಕ್‌ನಲ್ಲಿ ಅಳೆದಾಗ ಎರಡನೇ ಗುಂಪಿನಲ್ಲಿ ಮೇಲಿನ ಅಂಕ ಸುಮಾರು 12 ಇಳಿದಿತ್ತು, ಮೊದಲ ಗುಂಪಿನಲ್ಲಿ 7. ಆದರೆ 24 ಗಂಟೆಯ ಅಳತೆಯಲ್ಲಿ ಮಾಡಿಸಿದವರಿಗೆ 7 ಅಂಕ ಇಳಿದರೆ, ಬರೀ ಹೇಳಿಸಿಕೊಂಡವರಿಗೆ ಹೆಚ್ಚುಕಡಿಮೆ ಏನೂ ಇಳಿದಿರಲಿಲ್ಲ.

ಎರಡು ಗುಂಪಿಗೂ ಮಾತ್ರೆ ನಡೆದೇ ಇತ್ತು. ಇದು ಮಾತ್ರೆಯ ಬದಲಿಗೆ ಮಾಡುವ ಕೆಲಸವಲ್ಲ, ಮಾತ್ರೆಗೆ ಕೈಜೋಡಿಸುವ ಕೆಲಸ.

ಉಪ್ಪು ಆಗಲೇ ಕಡಿಮೆ ಮಾಡಿದ್ದೇವೆ. ಇನ್ನೆಷ್ಟು ಕಡಿಮೆ ಮಾಡುವುದು?

‘ಕಡಿಮೆ ಮಾಡಿದ್ದೇವೆ’ ಅನ್ನುವ ಮಾತನ್ನು ತೂಗಿ ನೋಡಬೇಕು. ಅದಕ್ಕೆ ಲ್ಯಾಬ್ ಬೇಡ, ಉಪ್ಪಿನ ಪ್ಯಾಕೆಟ್ ಸಾಕು. 1 ಕೆಜಿ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ, ಮುಗಿದ ದಿನವನ್ನೂ ಬರೆಯಿರಿ. ನಾಲ್ಕು ಜನ ದೊಡ್ಡವರಿರುವ ಮನೆಯಲ್ಲಿ ಪ್ಯಾಕೆಟ್ 22 ದಿನಕ್ಕೆ ಖಾಲಿಯಾದರೆ ತಲೆಗೆ ದಿನಕ್ಕೆ 11 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂಗಿಂತ ಕಡಿಮೆ. ಆ ಲೆಕ್ಕಕ್ಕೆ ಇದೇ ಪ್ಯಾಕೆಟ್ 50 ದಿನ ಬರಬೇಕು. ಬ್ರೆಡ್ಡು, ಬಿಸ್ಕತ್ತು, ಹೋಟೆಲ್ ತಿಂಡಿಯಿಂದಲೂ ಉಪ್ಪು ಬರುವುದರಿಂದ 60 ದಿನ ಬಂದರೆ ಒಳ್ಳೆಯದು. ಉಪ್ಪಿನಕಾಯಿ ಹಾಕಲು, ಮೀನು ತೊಳೆಯಲು ಬೇರೆ ಪ್ಯಾಕೆಟ್ ಇಡಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.

ಹಟಮಾರಿ ಬಿಪಿಯವರಿಗೆ ಉಪ್ಪಿನ ಮೇಲೇ ಯಾಕೆ ಇಷ್ಟು ಒತ್ತು ಅಂದರೆ, ಇವರಲ್ಲಿ ಹಲವರ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಬಿಟ್ಟುಕೊಡುವುದಿಲ್ಲ. ಮೂತ್ರದ ಮಾತ್ರೆ ಒಂದು ಕಡೆ ಹೊರಹಾಕುತ್ತಿದ್ದರೆ ಊಟದ ತಟ್ಟೆ ಇನ್ನೊಂದು ಕಡೆಯಿಂದ ತುಂಬುತ್ತದೆ. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಥರದ ಮಾತ್ರೆಗಳ ಜೋರೂ ಉಪ್ಪು ಹೆಚ್ಚಾದಾಗ ತಗ್ಗುತ್ತದೆ. 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಇಂಥ 12 ಜನರಿಗೆ ಒಂದು ವಾರ ತೀರಾ ಕಡಿಮೆ ಉಪ್ಪಿನ ಊಟ, ಇನ್ನೊಂದು ವಾರ ಹೆಚ್ಚು ಉಪ್ಪಿನ ಊಟ ಕೊಟ್ಟರು. ಮೇಲಿನ ಅಂಕದಲ್ಲಿ ವ್ಯತ್ಯಾಸ ಸುಮಾರು 23 ಬಂತು. ಅಷ್ಟು ಇಳಿಸುವ ಒಂಟಿ ಮಾತ್ರೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಸಣ್ಣ ಅಧ್ಯಯನ, ಉಪ್ಪನ್ನು ಮನೆಯಲ್ಲಿ ಇಳಿಸಲಾಗದಷ್ಟು ಇಳಿಸಿದ್ದರು ಅನ್ನುವುದೂ ನಿಜ. ಆದರೂ ದಿಕ್ಕು ಸ್ಪಷ್ಟ.

ಮನೆಯಲ್ಲಿ ಮಾಡುವ ರೀತಿ ಹೀಗೆ: ಬೆಳಿಗ್ಗೆ ಒಂದು ಚಿಕ್ಕ ಡಬ್ಬಿಗೆ ನಾಲ್ಕು ಜನಕ್ಕೆ ಮಟ್ಟಸವಾಗಿ ಎರಡೂವರೆ ಟೀ ಚಮಚ ಪುಡಿ ಉಪ್ಪು ಹಾಕಿಡಿ, ಅಂದರೆ ಸುಮಾರು 15 ಗ್ರಾಂ. ಆ ದಿನದ ತಿಂಡಿ, ಸಾರು, ಪಲ್ಯ, ಮಜ್ಜಿಗೆ ಎಲ್ಲಕ್ಕೂ ಅದರಿಂದಲೇ ತೆಗೆಯಬೇಕು, ಉಪ್ಪಿನ ಭರಣಿ ಕಪಾಟಿನೊಳಗೆ. ಒಮ್ಮೆಗೇ ಇಷ್ಟಕ್ಕೆ ಇಳಿಸಿದರೆ ಮನೆಯವರು ತಿರುಗಿ ಬೀಳುತ್ತಾರೆ. ಈಗ ಎಷ್ಟು ಖರ್ಚಾಗುತ್ತಿದೆಯೋ ಅದರಲ್ಲಿ ವಾರಕ್ಕೆ ಅರ್ಧ ಟೀ ಚಮಚ ಇಳಿಸುತ್ತ ಬನ್ನಿ. ಕೆಲವು ವಾರದಲ್ಲಿ ನಾಲಿಗೆ ಒಗ್ಗುತ್ತದೆ, ಆಮೇಲೆ ಹಳೆಯ ಹದದ ಸಾರು ಬಾಯಿಗೆ ಇಡಲಾಗದಷ್ಟು ಉಪ್ಪೆನಿಸುತ್ತದೆ.

ಎಲ್ಲಿಂದ ತೆಗೆಯುವುದು? ಅನ್ನ, ಮುದ್ದೆ, ಚಪಾತಿ, ರೊಟ್ಟಿಗೆ ಉಪ್ಪು ಬೇಕಾಗಿಯೇ ಇಲ್ಲ, ನೆಂಚಿಕೊಳ್ಳುವುದರಲ್ಲಿ ಇದ್ದೇ ಇರುತ್ತದೆ. ಬೇಳೆ ಬೇಯಿಸುವಾಗ, ತರಕಾರಿ ಹಾಕುವಾಗ, ಒಗ್ಗರಣೆಗೆ ಎಂದು ಮೂರು ಸಲ ಹಾಕಬೇಡಿ. ಇಳಿಸುವ ಹೊತ್ತಿಗೆ ಒಂದೇ ಸಲ ಹಾಕಿದರೆ ಕಡಿಮೆ ಉಪ್ಪೂ ನಾಲಿಗೆಗೆ ಬೇಗ ತಾಗುತ್ತದೆ. ಸಪ್ಪೆ ಅನಿಸಿದರೆ ಹುಳಿ ಏರಿಸಿ. ನಿಂಬೆ, ಹುಣಸೆ, ಮಾವಿನಕಾಯಿ, ಹುರಿದ ಜೀರಿಗೆ-ಮೆಣಸು, ಬೆಳ್ಳುಳ್ಳಿ, ಇಂಗಿನ ಒಗ್ಗರಣೆ ಉಪ್ಪಿನ ಕೊರತೆಯನ್ನು ಮುಚ್ಚುತ್ತವೆ. ಖಾರ ಏರಿಸಿದರೆ ಅನ್ನ ಹೆಚ್ಚು ಹೋಗುತ್ತದೆ, ಅದು ಬೇರೆ ತಾಪತ್ರಯ.

ಲೆಕ್ಕಕ್ಕೆ ಸಿಗದೆ ಒಳಗೆ ಬರುವವು: ಒಂದು ಟೀ ಚಮಚ ಉಪ್ಪಿನಕಾಯಿಯಲ್ಲಿ ಹತ್ತಿರ ಹತ್ತಿರ 1 ಗ್ರಾಂ ಉಪ್ಪು, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕರಾವಳಿಯ ಒಣಮೀನು, ಬೇಕರಿಯ ಖಾರಾ ಬನ್ನು, ಸಂಜೆಯ ಮಿಕ್ಸ್ಚರ್. ಒಂದು ಪ್ಯಾಕೆಟ್ ಇನ್‌ಸ್ಟಂಟ್ ನೂಡಲ್ಸ್‌ನಲ್ಲಿ ಸುಮಾರು 2 ಗ್ರಾಂ. ಕಾಲು ಟೀ ಚಮಚ ಅಡುಗೆ ಸೋಡಾದಲ್ಲೂ ಮುಕ್ಕಾಲು ಗ್ರಾಂ ಉಪ್ಪಿನಲ್ಲಿರುವಷ್ಟು ಸೋಡಿಯಂ ಇದೆ. ಪ್ಯಾಕೆಟ್ಟಿನ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ, ಅದನ್ನು 2.5ರಿಂದ ಗುಣಿಸಿದರೆ ಉಪ್ಪು.

ಇಷ್ಟಾದ ಮೇಲೂ ಬಿಪಿ ಕದಲದಿದ್ದರೆ 24 ಗಂಟೆಯ ಮೂತ್ರ ಹಿಡಿದು ಸೋಡಿಯಂ ನೋಡಿಸಿ. ಬಂದ ಮಿಲಿಮೋಲ್ ಅಂಕವನ್ನು 17ರಿಂದ ಭಾಗಿಸಿದರೆ ಎಷ್ಟು ಗ್ರಾಂ ಉಪ್ಪು ತಿಂದಿದ್ದೀರಿ ಅಂತ ಅಂದಾಜು ಸಿಗುತ್ತದೆ. 170 ಬಂದರೆ 10 ಗ್ರಾಂ.

ಇಂದುಪ್ಪು ಬಳಸಿದರೆ ಆಗುತ್ತದಾ?

ಇಲ್ಲ. ಇಂದುಪ್ಪು, ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು ಎಲ್ಲವೂ ಹೆಚ್ಚಿನಂಶ ಅದೇ ಸೋಡಿಯಂ ಕ್ಲೋರೈಡ್. ಮೇಲಾಗಿ ಇವುಗಳಿಗೆ ಎಷ್ಟೋ ಸಲ ಅಯೋಡಿನ್ ಬೆರೆಸಿರುವುದಿಲ್ಲ. ಅಯೋಡಿನ್ ಉಪ್ಪನ್ನೇ ಬಳಸಿ, ಕಡಿಮೆ ಬಳಸಿ.

‘ಲೋ ಸೋಡಿಯಂ’ ಉಪ್ಪು, ಎಳನೀರು, ಬಾಳೆಹಣ್ಣು ಒಳ್ಳೆಯದು ಅನ್ನುತ್ತಾರಲ್ಲ?

ಒಳ್ಳೆಯದೇ, ಆದರೆ ಎಲ್ಲರಿಗೂ ಅಲ್ಲ. ಹಟಮಾರಿ ಬಿಪಿಯವರು ಓದಲೇಬೇಕಾದ ಉತ್ತರ ಇದು. ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಸ್ವಲ್ಪ ತೆಗೆದು ಪೊಟ್ಯಾಶಿಯಂ ಸೇರಿಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ನಾಲ್ಕರಲ್ಲೊಂದು ಪಾಲು ಪೊಟ್ಯಾಶಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು.

ತೊಂದರೆ ಎಲ್ಲಿ ಅಂದರೆ, ಈ ಬಿಪಿಗೆ ನಾಲ್ಕನೆಯದಾಗಿ ಹೆಚ್ಚಾಗಿ ಕೊಡುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ರಕ್ತದಲ್ಲಿ ಪೊಟ್ಯಾಶಿಯಂ ಉಳಿಸಿಕೊಳ್ಳುತ್ತದೆ. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಗುಂಪೂ ಅಷ್ಟೆ. ಕಿಡ್ನಿ ಸೊರಗಿದ್ದರೆ ಹೊರಹೋಗುವ ದಾರಿಯೂ ಕಿರಿದು. ಇದರ ಮೇಲೆ ಪೊಟ್ಯಾಶಿಯಂ ಉಪ್ಪು, ಬಿಸಿಲಿಗೆ ದಿನಕ್ಕೆರಡು ಎಳನೀರು ಸೇರಿದರೆ ಪೊಟ್ಯಾಶಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಹೆಚ್ಚಿನವರಿಗೆ ಮುನ್ಸೂಚನೆಯೇ ಇರುವುದಿಲ್ಲ. ಇವುಗಳಲ್ಲಿ ಯಾವುದಾದರೂ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಲೋ ಸೋಡಿಯಂ ಉಪ್ಪು ತರಬೇಡಿ. ಸ್ಪೈರನೊಲ್ಯಾಕ್ಟೋನ್ ಶುರುವಾದ ಒಂದೆರಡು ವಾರದಲ್ಲಿ ಪೊಟ್ಯಾಶಿಯಂ ಮತ್ತು ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಬೇಕು.

ಕಿಡ್ನಿ ಚೆನ್ನಾಗಿದ್ದು ಪೊಟ್ಯಾಶಿಯಂ ಸರಿಯಿದ್ದವರು ಊಟದಲ್ಲಿ ಸೊಪ್ಪು, ಕಾಳು, ತರಕಾರಿ, ಹಣ್ಣು ಧಾರಾಳವಾಗಿ ಸೇರಿಸಬಹುದು. ತಟ್ಟೆಯ ಅರ್ಧ ಭಾಗ ಪಲ್ಯ-ಕೋಸಂಬರಿ, ಕಾಲು ಭಾಗ ಮುದ್ದೆಯೋ ಅನ್ನವೋ ರೊಟ್ಟಿಯೋ, ಕಾಲು ಭಾಗ ಬೇಳೆ, ಕಾಳು, ಮೀನು ಅಥವಾ ಮೊಟ್ಟೆ. ಜೊತೆಗೆ ಕೆನೆ ತೆಗೆದ, ಉಪ್ಪು ಹಾಕದ ಮಜ್ಜಿಗೆ. ನಮ್ಮಲ್ಲಿ ತಟ್ಟೆ ತುಂಬ ಅನ್ನ ಇದ್ದು ಪಲ್ಯ ಮೂಲೆಯಲ್ಲಿ ಒಂದು ಚಮಚ ಇರುತ್ತದೆ. ತಿರುಗಿಸಬೇಕಾದ್ದು ಅದನ್ನೇ.

ಮದುವೆ ಊಟ, ಹೋಟೆಲು ಪೂರ್ತಿ ಬಿಡಬೇಕಾ?

ಬಿಡಬೇಕಿಲ್ಲ. ಎಲೆಯ ಮೇಲೆ ಬಿದ್ದ ಉಪ್ಪು, ಉಪ್ಪಿನಕಾಯಿ, ಹಪ್ಪಳ ಮುಟ್ಟಬೇಡಿ. ಸಾರನ್ನು ಕೈತುಂಬ ಸುರಿದು ಕುಡಿಯಬೇಡಿ. ಹೋಟೆಲ್‌ನಲ್ಲಿ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುವ ಬದಲು ಅದ್ದಿಕೊಂಡು ತಿಂದರೆ ಉಪ್ಪು ಎಷ್ಟೋ ಕಡಿಮೆ ಒಳಗೆ ಹೋಗುತ್ತದೆ. ಮಾರನೆಯ ಬೆಳಿಗ್ಗೆ ಬಿಪಿ ಏರಿದ್ದರೆ ಗಾಬರಿ ಬೇಡ, ಪುಸ್ತಕದಲ್ಲಿ ‘ಮದುವೆ’ ಅಂತ ಪಕ್ಕದಲ್ಲಿ ಬರೆದಿಡಿ.

ಎಷ್ಟು ನಡೆಯಬೇಕು? ಹೊಲದಲ್ಲಿ ದುಡಿಯುವವರಿಗೂ ಬೇಕಾ?

ವಾರಕ್ಕೆ ಐದು ದಿನ 30ರಿಂದ 40 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ರಾಜಕೀಯ ಮಾತಾಡುವುದು ಲೆಕ್ಕಕ್ಕಿಲ್ಲ. ಮೊದಲ ವಾರ 10 ನಿಮಿಷದಿಂದ ಶುರುಮಾಡಿ ವಾರಕ್ಕೆ 5 ನಿಮಿಷ ಏರಿಸಿ. ಪೋರ್ಚುಗಲ್‌ನಲ್ಲಿ ಹಟಮಾರಿ ಬಿಪಿಯ 60 ಜನರ ಮೇಲೆ ನಡೆದ ಅಧ್ಯಯನದಲ್ಲಿ 12 ವಾರ, ವಾರಕ್ಕೆ ಮೂರು ದಿನದ ವ್ಯಾಯಾಮದಿಂದ 24 ಗಂಟೆಯ ಮೇಲಿನ ಅಂಕ 7ರಷ್ಟು ಇಳಿಯಿತು. ಬಿಟ್ಟರೆ ಈ ಲಾಭ ಬೇಗ ಕರಗುತ್ತದೆ.

ಬಗ್ಗಿ ಕಳೆ ಕೀಳುವುದು ಮೈ ದಣಿಸುತ್ತದೆ ನಿಜ, ಆದರೆ ಅರ್ಧ ಗಂಟೆ ಒಂದೇ ಸಮನೆ ಉಸಿರು ಬಿರುಸಾಗುವುದಿಲ್ಲ. ಸಂಜೆ ಸ್ವಲ್ಪ ಬಿರುಸು ನಡಿಗೆ ಸೇರಿಸಿದರೆ ಒಳ್ಳೆಯದು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ದುಡಿಯುವವರು ಇನ್ನೊಂದು ನೋಡಿಕೊಳ್ಳಬೇಕು. ಬೆವರಿನ ಜೊತೆ ಮೂತ್ರದ ಮಾತ್ರೆಯೂ ಸೇರಿ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ನಿಂತು ಒಂದು ನಿಮಿಷಕ್ಕೆ ಬಿಪಿ ಅಳೆದು ಡಾಕ್ಟರಿಗೆ ಹೇಳಿ. ವಾಂತಿ-ಭೇದಿಯ ದಿನಗಳಲ್ಲೂ ಮೂತ್ರದ ಮಾತ್ರೆ ಮುಂದುವರಿಸಬೇಕೋ ಬೇಡವೋ ಅಂತ ಕೇಳಿಕೊಳ್ಳಿ.

ವಿಶ್ರಾಂತಿಯಲ್ಲೇ ಬಿಪಿ 180/110 ಇದ್ದರೆ ಹೊಸ ವ್ಯಾಯಾಮ ಶುರುಮಾಡಬೇಡಿ, ಮೊದಲು ಅದು ಇಳಿಯಲಿ. ಉಸಿರು ಬಿಗಿಹಿಡಿದು ಭಾರ ಎತ್ತುವುದು ಯಾವಾಗಲೂ ಬೇಡ. ಯೋಗದಲ್ಲಿ ಶೀರ್ಷಾಸನ, ಸರ್ವಾಂಗಾಸನ, ಬಿರುಸಿನ ಭಸ್ತ್ರಿಕಾ ಬಿಟ್ಟು ನಿಧಾನದ ಉಸಿರಾಟ ಮಾಡಿ. ನಿಮಿಷಕ್ಕೆ ಆರು ಉಸಿರಿನಂತೆ, ದಿನಕ್ಕೆ 10–15 ನಿಮಿಷ. ಇದರಿಂದ ಇಳಿಯುವುದು ಕೆಲವೇ ಅಂಕ, ಆದ್ದರಿಂದ ನಡಿಗೆಗೆ ಬದಲಿ ಅಲ್ಲ.

ತೂಕ ಎಷ್ಟು ಇಳಿಸಿದರೆ ಎಷ್ಟು ಬಿಪಿ ಇಳಿಯುತ್ತದೆ?

ಕಿಲೋಗೆ ಸುಮಾರು ಒಂದು ಅಂಕ. 82 ಕಿಲೋದವರು 76ಕ್ಕೆ ಬಂದರೆ ಆರು. ಹೊಟ್ಟೆಯ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಬರೆದಿಡಿ.

ಗೊರಕೆಗೂ ಬಿಪಿಗೂ ಏನು ಸಂಬಂಧ?

ಹಟಮಾರಿ ಬಿಪಿಯವರಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಅಂದರೆ ಸ್ಲೀಪ್ ಅಪ್ನಿಯಾ, ತುಂಬ ಸಾಮಾನ್ಯ. ಗಂಟಲು ಮುಚ್ಚಿ ಉಸಿರು ನಿಂತಾಗಲೆಲ್ಲ ದೇಹ ಗಾಬರಿಯಾಗಿ ಬಿಪಿ ಏರಿಸುತ್ತದೆ. ರಾತ್ರಿಗೆ ಹತ್ತಾರು ಸಲ ಹೀಗಾದರೆ ಹಗಲಲ್ಲೂ ಅದು ಇಳಿಯುವುದಿಲ್ಲ. ಇದನ್ನು ರೋಗಿಯನ್ನಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು: ಗೊರಕೆ ನಡುವೆ ತಟಕ್ಕನೆ ನಿಂತು, ಸ್ವಲ್ಪ ಹೊತ್ತಾದ ಮೇಲೆ ಉಸಿರು ಎಳೆದುಕೊಂಡು ಏಳುತ್ತಾರಾ? ಬೆಳಿಗ್ಗೆ ತಲೆನೋವು, ಬಸ್ಸಿನಲ್ಲಿ ಕೂತ ಕೂಡಲೇ ತೂಕಡಿಕೆ ಉಂಟಾ? ಹೌದಾದರೆ ನಿದ್ದೆಯ ಪರೀಕ್ಷೆ ಮಾಡಿಸಿ. ತೂಕ ಇಳಿಸುವುದು, ರಾತ್ರಿ ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದು ನೆರವಾಗುತ್ತದೆ. ತೀವ್ರವಾಗಿದ್ದರೆ ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಬೇಕಾಗುತ್ತದೆ.

ದಿನಾ ಒಂದು ಕ್ವಾರ್ಟರ್ ಅಷ್ಟೇ. ಅದೂ ಬಿಡಬೇಕಾ?

180 ಎಂಎಲ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ‘ಅಷ್ಟೇ’ ಅನ್ನುವಂಥದ್ದಲ್ಲ. ಇಷ್ಟು ಕುಡಿಯುವವರ ಬಿಪಿ ಮಾತ್ರೆಗೆ ಬಗ್ಗದಿರುವುದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ ನೆಂಚಿಕೊಳ್ಳುವ ಖಾರಾ ಕಡಲೆಬೀಜದ ಉಪ್ಪು ಬೇರೆ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರಬಹುದು, ಬಿಪಿಯೂ ಏರಬಹುದು. ಡಾಕ್ಟರ ನಿಗಾದಲ್ಲಿ ಬಿಡಿ. ಬೀಡಿ, ಗುಟ್ಕಾ, ನಸ್ಯ, ಹೊಗೆಸೊಪ್ಪಿನ ಎಲೆ-ಅಡಿಕೆಯಲ್ಲಿ ಕಡಿಮೆ ಮಾಡುವ ಮಾತಿಲ್ಲ, ಬಿಡುವ ಮಾತೇ.

ಕಾಫಿ?

ದಿನಕ್ಕೆ ಒಂದೆರಡು ಲೋಟ ಆಗುತ್ತದೆ. ಅಳೆಯುವ ಮುಂಚೆ ಬೇಡ.

ಮಂಡಿನೋವಿಗೆ ಮಾತ್ರೆ, ನೆಗಡಿಗೆ ಕಷಾಯ ತಗೊಳ್ಳುತ್ತೇವೆ. ಅದರಿಂದ ಬಿಪಿ ಏರುತ್ತದಾ?

ಏರುತ್ತದೆ. ಎಷ್ಟೋ ಸಲ ಹಟಮಾರಿ ಬಿಪಿಯ ಗುಟ್ಟು ಇಲ್ಲೇ ಸಿಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ಉಪ್ಪು-ನೀರನ್ನು ದೇಹದಲ್ಲಿ ಹಿಡಿದಿಟ್ಟು ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತವೆ. ಮೂತ್ರದ ಮಾತ್ರೆ, ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಮಂಡಿಗೆ ಹಚ್ಚುವ ಮುಲಾಮು, ಶಾಖ, ತೊಡೆಯ ವ್ಯಾಯಾಮ, ಬೇಕೇ ಬೇಕಾದರೆ ಡಾಕ್ಟರು ಹೇಳಿದಷ್ಟು ಪ್ಯಾರಸಿಟಮಾಲ್ ಮೊದಲ ದಾರಿ. ನೀರಲ್ಲಿ ಬುಸ್ಸೆಂದು ಕರಗುವ ಮಾತ್ರೆ, ಗ್ಯಾಸಿಗೆ ಕುಡಿಯುವ ನೊರೆಪುಡಿಗಳಲ್ಲಿ ಸೋಡಿಯಂ ಇರುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ನೆಗಡಿ ಮಾತ್ರೆಗಳಲ್ಲಿ ರಕ್ತನಾಳ ಬಿಗಿಸುವ ಔಷಧ ಇರುತ್ತದೆ. ಗಂಟಲಿಗೆ ದಿನಾ ಜೇಷ್ಠಮಧು ಜಗಿಯುವುದು, ಅದರ ಕಷಾಯ ವಾರಗಟ್ಟಲೆ ಕುಡಿಯುವುದರಿಂದ ಬಿಪಿ ಏರಿ ಪೊಟ್ಯಾಶಿಯಂ ಇಳಿಯುತ್ತದೆ. ಸ್ಟೀರಾಯ್ಡ್, ಗರ್ಭನಿರೋಧಕ ಮಾತ್ರೆಗಳ ವಿಷಯವನ್ನೂ ಡಾಕ್ಟರಿಗೆ ಮುಚ್ಚಿಡಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಲೇಹ್ಯವನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯುವುದೇ ಸುಲಭ.

ಮಾತ್ರೆ ಯಾವ ಹೊತ್ತಿಗೆ? ಉಪವಾಸದ ದಿನ?

ಬೆಳಿಗ್ಗೆಯೋ ರಾತ್ರಿಯೋ ಅನ್ನುವುದರಿಂದ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಲ್ಲಿ ವ್ಯತ್ಯಾಸವಿಲ್ಲ ಅಂತ ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮರೆಯದ ಹೊತ್ತೇ ಸರಿಯಾದ ಹೊತ್ತು. ಮೂತ್ರದ ಮಾತ್ರೆ ಮಾತ್ರ ಬೆಳಿಗ್ಗೆ ಇರಲಿ, ಇಲ್ಲದಿದ್ದರೆ ರಾತ್ರಿಯಿಡೀ ಎದ್ದು ಓಡಾಡಬೇಕಾಗುತ್ತದೆ. ಏಕಾದಶಿಯಂದು ನೀರಿನ ಜೊತೆ ಮಾತ್ರೆ ನುಂಗಿ. ರಂಜಾನ್‌ಗೆ ಮುಂಚೆಯೇ ಡಾಕ್ಟರ ಹತ್ತಿರ ಹೊತ್ತು ಬದಲಿಸಿಕೊಳ್ಳಿ.

ಬಿಪಿ ಇಳಿದ ಮೇಲೆ ಮಾತ್ರೆ ನಿಲ್ಲಿಸಬಹುದಾ?

ನೀವಾಗಿ ಬೇಡ. ಅದರಲ್ಲೂ ಕ್ಲೋನಿಡಿನ್, ಮೆಟೊಪ್ರೊಲಾಲ್ ಥರದವನ್ನು ಥಟ್ಟನೆ ನಿಲ್ಲಿಸಿದರೆ ಬಿಪಿ ಚೆಂಡಿನಂತೆ ಪುಟಿದು ಮೇಲೇರಬಹುದು. ಮನೆಯ ಸರಾಸರಿ ವಾರಗಟ್ಟಲೆ ಕೆಳಗಿದ್ದರೆ, ಎದ್ದಾಗ ತಲೆ ಸುತ್ತಿದರೆ ಪುಸ್ತಕ ತೋರಿಸಿ, ಯಾವುದನ್ನು ಇಳಿಸಬೇಕೆಂದು ಅವರು ಹೇಳುತ್ತಾರೆ. ದುಡ್ಡಿನ ಕಾರಣಕ್ಕೆ ಮಾತ್ರೆ ತಪ್ಪುತ್ತಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ ಮಾತ್ರೆ ಉಚಿತವಾಗಿ ಸಿಗುತ್ತದೆ.

ಎಲ್ಲ ಮಾಡಿ ಮೂರು ತಿಂಗಳಾದರೂ ಇಳಿಯದಿದ್ದರೆ?

ಆಗ ಬೇರೆ ಕಾಯಿಲೆ ಅಡಗಿದೆಯಾ ನೋಡಬೇಕು. ಇಂಥ ಐವರಲ್ಲಿ ಸುಮಾರು ಒಬ್ಬರಿಗೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ, ದೇಹದಲ್ಲಿ ಉಪ್ಪು ಹಿಡಿದಿಡುವ ಆಲ್ಡೋಸ್ಟಿರೋನ್ ಹಾರ್ಮೋನು ಹೆಚ್ಚು ಸುರಿಯುತ್ತಿರುತ್ತದೆ. ಆಲ್ಡೋಸ್ಟಿರೋನ್-ರೆನಿನ್ ಅನುಪಾತದ ರಕ್ತಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ. ಪೊಟ್ಯಾಶಿಯಂ ನಾರ್ಮಲ್ ಇದ್ದರೂ ಈ ತೊಂದರೆ ಇರಬಹುದು. ಕಿಡ್ನಿಯ ರಕ್ತನಾಳ ಕಿರಿದಾಗಿರುವುದು, ಕಿಡ್ನಿಯದೇ ಕಾಯಿಲೆ, ಥೈರಾಯ್ಡ್ ಕೂಡ ಕಾರಣ ಆಗಬಹುದು. ತಜ್ಞರ ಬಳಿ ಹೋಗುವಾಗ ಬಿಪಿ ಪುಸ್ತಕದ ಜೊತೆ ತಾರೀಖು ಬರೆದ ಉಪ್ಪಿನ ಪ್ಯಾಕೆಟ್ಟಿನ ಲೆಕ್ಕವೂ ಇರಲಿ.

ರಾತ್ರಿ ಹೊತ್ತು 190/110 ತೋರಿಸಿದರೆ ಏನು ಮಾಡುವುದು?

ಮೊದಲು ಲಕ್ಷಣ ನೋಡಿ. ಎದೆನೋವು, ಉಸಿರಾಟದ ಕಷ್ಟ, ಒಂದು ಕಡೆ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ತಡೆಯಲಾರದ ತಲೆನೋವು, ಗೊಂದಲ ಇವುಗಳಲ್ಲಿ ಒಂದಿದ್ದರೂ ಮತ್ತೆ ಅಳೆಯುತ್ತ ಕೂರದೆ 108ಕ್ಕೆ ಕರೆಮಾಡಿ. ಏನೂ ಇಲ್ಲದಿದ್ದರೆ ದೀಪ ಸಣ್ಣದು ಮಾಡಿ ಸುಮ್ಮನೆ ಕೂತು, 15–20 ನಿಮಿಷದ ಮೇಲೆ ಮತ್ತೆ ಅಳೆಯಿರಿ. ಆ ದಿನದ ಮಾತ್ರೆ ತಪ್ಪಿದೆಯಾ ನೋಡಿ, ತಪ್ಪಿದ್ದರೆ ತೆಗೆದುಕೊಳ್ಳಿ, ಡಬಲ್ ಡೋಸ್ ಬೇಡ. ಇಳಿಯದೆ 180/120ರ ಆಸುಪಾಸಿನಲ್ಲೇ ನಿಂತಿದ್ದರೆ ಅದೇ ದಿನ ಡಾಕ್ಟರನ್ನು ಸಂಪರ್ಕಿಸಿ. ನಾಲಿಗೆಯ ಕೆಳಗೆ ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ಹಾಕುವ ಹಳೆಯ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಬಿಪಿ ಒಮ್ಮೆಗೇ ಕುಸಿದು ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗಬಹುದು, ಆ ಕ್ಯಾಪ್ಸೂಲ್ ಔಷಧಿ ಡಬ್ಬಿಯಲ್ಲಿದ್ದರೆ ಇವತ್ತೇ ತೆಗೆದುಹಾಕಿ.